ಆರೋಗ್ಯ ರಕ್ಷಾ ಸಮಿತಿಯ ಬಾಗಿಲು ಜನರಿಗೂ ತೆರೆಯಲಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಶಾಸಕರು ಹಾಗೂ ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಅಧ್ಯಕ್ಷರು,
ಹಾಸನ ಜಿಲ್ಲೆ.

ವಿಷಯ: ತಾಲ್ಲೂಕು ಆಸ್ಪತ್ರೆಯಲ್ಲಿ ರೋಗಿಗಳ ಹಾಗೂ ಸಿಬ್ಬಂದಿಯ ಸುರಕ್ಷತೆ ಮತ್ತು ಆಸ್ಪತ್ರೆಯ ಆಡಳಿತದಲ್ಲಿ ಜನರನ್ನೂ ಸೇರಿಸಿಕೊಳ್ಳಲೆಂದೇ ರಚಿಸಿದ ಆರೋಗ್ಯ ರಕ್ಷಾ ಸಮಿತಿಯಲ್ಲಿ ಸಾರ್ವಜನಿಕರ ಮಾತಿಗೆ ಅವಕಾಶ ಕೋರಿ.

ಮಾನ್ಯರೇ,

ತಾಲ್ಲೂಕು ಆಸ್ಪತ್ರೆಯ ಗೇಟಿನ ಎದುರು, ರಸ್ತೆಯ ಆಚೆ ಬದಿಯಲ್ಲಿ ನಾನು ಔಷಧ ಅಂಗಡಿ ನಡೆಸುತ್ತಿದ್ದೇನೆ. ಆ ಆಸ್ಪತ್ರೆಗೆ ಯಾರು ಬರುತ್ತಾರೆ, ಯಾವ ಚೀಟಿ ಹಿಡಿದು ಹೊರಬರುತ್ತಾರೆ, ಯಾರನ್ನು ಆಂಬುಲೆನ್ಸಿಗೆ ಹತ್ತಿಸಿ ಹಾಸನಕ್ಕೋ ಮಂಗಳೂರಿಗೋ ಕಳುಹಿಸುತ್ತಾರೆ ಎಂಬುದೆಲ್ಲ ನನ್ನ ಕಣ್ಣ ಮುಂದೆಯೇ ನಡೆಯುತ್ತದೆ. ಆಸ್ಪತ್ರೆಯಲ್ಲಿ ಔಷಧ ಇಲ್ಲವೆಂದಾದಾಗ ನನಗೆ ವ್ಯಾಪಾರ ಹೆಚ್ಚುತ್ತದೆ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ; ಈ ಪತ್ರ ಓದಿದವರಲ್ಲಿ ಯಾರಾದರೂ ಅದನ್ನು ಎತ್ತಿಯೇ ಎತ್ತುತ್ತಾರೆ. ಅಲ್ಲಿನ ಕೊರತೆ ನೀಗಲಿ, ನನ್ನ ಗಲ್ಲಾ ಹಗುರಾದರೂ ಚಿಂತೆಯಿಲ್ಲ ಎಂದು ಮನಸಾರೆ ಬಯಸಿಯೇ ಇದನ್ನು ಬರೆಯುತ್ತಿದ್ದೇನೆ.

ತಾವು ಕೆಲಸ ಮಾಡಿಲ್ಲ ಎಂದು ದೂರುವುದು ನನ್ನ ಉದ್ದೇಶವಲ್ಲ. ಡಯಾಲಿಸಿಸ್‌ಗಾಗಿ ವಾರ ವಾರವೂ ಹಾಸನದ ಬಸ್ ಹತ್ತುತ್ತಿದ್ದವರು ಈಗ ಊರಿನಲ್ಲಿಯೇ ಚಿಕಿತ್ಸೆ ಪಡೆಯುತ್ತಿದ್ದಾರೆ. ಅದರ ಹಿಂದೆ ತಮ್ಮ ಓಡಾಟವಿದೆ ಎಂಬುದು ಇಡೀ ತಾಲ್ಲೂಕಿಗೆ ಗೊತ್ತು. ಸೋರುತ್ತಿದ್ದ ಹೆರಿಗೆ ವಾರ್ಡಿನ ಚಾವಣಿ ದುರಸ್ತಿಯಾಗಿದೆ. ತಮ್ಮ ಪ್ರದೇಶಾಭಿವೃದ್ಧಿ ನಿಧಿಯಿಂದ ಆಂಬುಲೆನ್ಸ್ ಬಂದಿದೆ. ಕಾಫಿ ಕೊಯ್ಲಿನ ಹೊತ್ತಿನಲ್ಲಿ ತೋಟದ ಕೂಲಿಕಾರರು ವಾಸಿಸುವ ಲೈನ್ ಮನೆಗಳ ಹತ್ತಿರವೇ ತಪಾಸಣಾ ಶಿಬಿರ ಮಾಡಿಸಿದವರು ತಮ್ಮ ಹಿಂದಿನವರಲ್ಲಿ ಯಾರೂ ಇರಲಿಲ್ಲ. ಆಸ್ಪತ್ರೆಗೆ ತಾವು ಹೇಳದೆ ಕೇಳದೆ ಬಂದು ವಾರ್ಡುಗಳನ್ನು ಸುತ್ತಿದ್ದನ್ನೂ ನೋಡಿದ್ದೇನೆ. ಇಷ್ಟು ಮಾಡಿದವರು ಕೇಳಿಸಿಕೊಳ್ಳುತ್ತಾರೆ ಎಂಬ ನಂಬಿಕೆ ಇರುವುದರಿಂದಲೇ ಉಳಿದದ್ದನ್ನೂ ಹೇಳುವ ಧೈರ್ಯ ಮಾಡಿದ್ದೇನೆ.

ಕಟ್ಟಡ, ಯಂತ್ರ, ವಾಹನ ಎಲ್ಲವೂ ಬಂದ ಮೇಲೂ ಒಂದು ಪ್ರಶ್ನೆ ಹಾಗೆಯೇ ಉಳಿದಿದೆ. ಒಳಗೆ ಹೋದ ರೋಗಿಗೆ ಆಸ್ಪತ್ರೆಯಿಂದಲೇ ಹೊಸ ತೊಂದರೆ ಆಗದಂತೆ ನೋಡಿಕೊಳ್ಳುವವರು ಯಾರು? ಹಾಗೇನಾದರೂ ಆದರೆ ಅದು ಯಾರ ಗಮನಕ್ಕೆ ಬರುತ್ತದೆ? ಕಳೆದ ಮಳೆಗಾಲದಲ್ಲಿ ನಡೆದದ್ದನ್ನು ತಮ್ಮ ಮುಂದಿಡುತ್ತೇನೆ.

ತೋಟದ ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಿಂದ ಓಡಿಬಂದು, ಮುಷ್ಟಿಯಲ್ಲಿದ್ದ ಮಾತ್ರೆಯ ತುಂಡು ಸ್ಟ್ರಿಪ್ಪನ್ನು ಕೌಂಟರಿನ ಮೇಲೆ ಇಟ್ಟಳು. 'ಅಕ್ಕಾ, ಇದು ಯಾವುದಕ್ಕೆ ಕೊಡುವ ಮಾತ್ರೆ? ನುಂಗಿದ ಮೇಲಿಂದ ಅಮ್ಮ ಕರೆದರೂ ಓಗೊಡುತ್ತಿಲ್ಲ, ಮೈಯೆಲ್ಲ ತಣ್ಣಗೆ ಬೆವರುತ್ತಿದೆ' ಎಂದಳು. ತಿರುಗಿಸಿ ನೋಡಿದರೆ ಗ್ಲಿಮೆಪಿರೈಡ್. ಸಕ್ಕರೆ ಕಾಯಿಲೆಯವರಿಗೆ ಕೊಡುವ, ರಕ್ತದಲ್ಲಿನ ಸಕ್ಕರೆಯ ಅಂಶ ಇಳಿಸುವ ಮಾತ್ರೆ ಅದು. ಆ ತಾಯಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಇದ್ದದ್ದು ರಕ್ತದೊತ್ತಡ, ಅದರ ಮಾತ್ರೆ ನನ್ನ ಅಂಗಡಿಯಿಂದಲೇ ಹೋಗುತ್ತಿದ್ದುದರಿಂದ ನನಗೆ ಗೊತ್ತಿತ್ತು. ಜ್ವರವೆಂದು ದಾಖಲಾಗಿ, ಊಟ ಸೇರದೆ ಮಲಗಿದ್ದ ಹೆಂಗಸಿಗೆ ಆ ಮಾತ್ರೆ ಎಷ್ಟು ಅಪಾಯವೆಂದು ಬಿಡಿಸಿ ಹೇಳಬೇಕಿಲ್ಲ. ಅಂಗಡಿಯನ್ನು ಹುಡುಗನಿಗೆ ಬಿಟ್ಟು ರಸ್ತೆ ದಾಟಿ ಓಡಿದೆ. ಸ್ಟ್ರಿಪ್ ತೋರಿಸುತ್ತಿದ್ದಂತೆಯೇ ನರ್ಸ್‌ಗೆ ಅರ್ಥವಾಯಿತು. ಬೆರಳು ಚುಚ್ಚಿ ಸಕ್ಕರೆ ನೋಡಿದಳು, ಡ್ರಿಪ್ ಏರಿಸಿದಳು, ಡಾಕ್ಟರನ್ನು ಕರೆಸಿದಳು. ಸ್ವಲ್ಪ ಹೊತ್ತಿನಲ್ಲಿ ಆ ತಾಯಿ ಕಣ್ಣು ಬಿಟ್ಟು ಮಗಳ ಹೆಸರು ಹಿಡಿದು ಕರೆದಳು.

ಆದದ್ದು ಇಷ್ಟು: ಮಹಿಳಾ ವಾರ್ಡಿನಲ್ಲಿ ಅಂದು ಒಂದೇ ಹೆಸರಿನ ಇಬ್ಬರು ಇದ್ದರು. ಒಬ್ಬರ ಮಾತ್ರೆ ಇನ್ನೊಬ್ಬರ ಹಾಸಿಗೆಗೆ ಹೋಗಿತ್ತು. ಜ್ವರದ ಕಾಲ, ವಾರ್ಡು ತುಂಬಿ ನೆಲದ ಮೇಲೂ ಹಾಸಿಗೆ ಹಾಸಿದ್ದರು, ನೋಡಿಕೊಳ್ಳಲು ಇದ್ದವಳು ಆ ನರ್ಸ್ ಒಬ್ಬಳೇ. ರೋಗಿಯ ಕೈಗೆ ಹೆಸರು, ವಯಸ್ಸು, ದಾಖಲಾತಿ ಸಂಖ್ಯೆ ಬರೆದ ಪಟ್ಟಿ ಕಟ್ಟಿರಲಿಲ್ಲ. ಈ ಪ್ರಕರಣವನ್ನು ಎಲ್ಲಾದರೂ ಬರೆದಿಡಿ, ನಾಳೆ ಇನ್ನೊಬ್ಬರಿಗೆ ಹೀಗಾಗಬಾರದು ಎಂದು ನಾನು ಕೇಳಿಕೊಂಡೆ. 'ಬರೆದರೆ ನನ್ನ ಕೆಲಸ ಹೋಗುತ್ತದೆ ಮೇಡಂ, ನಾನು ಗುತ್ತಿಗೆಯವಳು' ಎಂದು ಆಕೆ ಕೈ ಮುಗಿದಳು.

ಮಾನ್ಯರೇ, ನನ್ನನ್ನು ಈ ಪತ್ರ ಬರೆಯಲು ಕೂರಿಸಿದ್ದು ಆ ಮುಗಿದ ಕೈಗಳು. ಜೀವ ಉಳಿಸಿದವಳೂ ಅವಳೇ, ಹೆದರಿ ನಡುಗುತ್ತಿದ್ದವಳೂ ಅವಳೇ. ಅವಳನ್ನು ಶಿಕ್ಷಿಸಿದರೆ ಹಾಸನದ ಜಿಲ್ಲಾ ಕೇಂದ್ರದಲ್ಲಿ ಒಂದು ಕಡತ ಮುಚ್ಚಬಹುದು. ಮುಂದಿನ ವಾರ ಅದೇ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ಮತ್ತೆ ಅಕ್ಕಪಕ್ಕ ಮಲಗುತ್ತಾರೆ. ನಮ್ಮ ಕಡೆ ಒಂದೊಂದು ಊರಿನಲ್ಲಿ ಒಂದೇ ಹೆಸರಿನವರು ಎಷ್ಟು ಮಂದಿ ಎಂಬುದು ಮತದಾರರ ಪಟ್ಟಿ ಓದಿರುವ ತಮಗೇ ಚೆನ್ನಾಗಿ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಿಂದ ಪ್ರತಿ ವರ್ಷ ಸೆಪ್ಟೆಂಬರ್ 17ನ್ನು ರೋಗಿ ಸುರಕ್ಷತಾ ದಿನವೆಂದು ಆಚರಿಸುತ್ತಿದೆ. ಚಿಕಿತ್ಸೆಗೆಂದು ಹೋದ ಸುಮಾರು 10 ಮಂದಿಯಲ್ಲಿ ಒಬ್ಬರಿಗೆ ಚಿಕಿತ್ಸೆಯಿಂದಲೇ ಏನಾದರೂ ಹಾನಿಯಾಗುತ್ತದೆ, ಅದರಲ್ಲಿ ಅರ್ಧದಷ್ಟನ್ನು ತಡೆಯಬಹುದು ಎಂಬುದು ಅದೇ ಸಂಸ್ಥೆಯ ಅಂದಾಜು. ತಡೆಯಬೇಕಾದರೆ ಮೊದಲು ಅದು ದಾಖಲಾಗಬೇಕು. ಬರೆದವರ ತಲೆದಂಡವಾಗುವ ಕಡೆ ಯಾರೂ ಬರೆಯುವುದಿಲ್ಲ.

ಇದಕ್ಕೂ ಸಿಬ್ಬಂದಿಯ ಸುರಕ್ಷತೆಗೂ ಹತ್ತಿರದ ನಂಟಿದೆ ಎಂಬುದು ನನಗೆ ಮನವರಿಕೆಯಾದದ್ದು ಇನ್ನೊಂದು ರಾತ್ರಿ. ಅಪಘಾತದಲ್ಲಿ ತಲೆಗೆ ಪೆಟ್ಟಾದ ಹುಡುಗನೊಬ್ಬನನ್ನು ಪಿಕಪ್ ವಾಹನದಲ್ಲಿ ಹಾಕಿಕೊಂಡು ಬಂದರು. ಜೊತೆಯಲ್ಲಿ ಬಂದವರಲ್ಲಿ ಕೆಲವರು ಕುಡಿದಿದ್ದರು. ಕರ್ತವ್ಯದಲ್ಲಿದ್ದ ಒಬ್ಬರೇ ವೈದ್ಯರು ಆಗ ಹೆರಿಗೆ ಕೊಠಡಿಯಲ್ಲಿದ್ದರು, ಕಷ್ಟದ ಹೆರಿಗೆ. ಅದನ್ನು ಹೊರಗೆ ನಿಂತವರಿಗೆ ಹೇಳುವವರು ಯಾರೂ ಇರಲಿಲ್ಲ. ನರ್ಸ್ ಹುಡುಗನ ರಕ್ತ ನಿಲ್ಲಿಸುವುದರಲ್ಲಿ ತೊಡಗಿದ್ದಳು. ಹೊತ್ತು ಕಳೆದಂತೆ ಗುಂಪಿನ ಸಿಟ್ಟು ಏರಿತು, ಕಿಟಕಿಯ ಗಾಜು ಒಡೆಯಿತು, ಬೈಗುಳ ರಸ್ತೆಯ ಈ ಬದಿಗೂ ಕೇಳಿಸಿತು. ಕೊನೆಗೆ ಆಕೆ ಇಂಜೆಕ್ಷನ್ ಕೊಠಡಿಗೆ ಹೋಗಿ ಚಿಲಕ ಹಾಕಿಕೊಂಡಳು. ಪೊಲೀಸರು ಬಂದರು, ಹುಡುಗನನ್ನು ಹಾಸನಕ್ಕೆ ಕಳುಹಿಸಿದರು. ಹುಡುಗ ಉಳಿದ. ಆ ನರ್ಸ್ ವರ್ಗಾವಣೆಗೆ ಅರ್ಜಿ ಹಾಕಿ ಹೊರಟುಹೋದಳು. ಹೆರಿಗೆ ವಾರ್ಡಿನಲ್ಲಿ ಒಳ್ಳೆಯ ಕೈಗುಣದವಳು ಎಂದು ಹೆಂಗಸರೆಲ್ಲ ಹೇಳುತ್ತಿದ್ದ ಆಕೆಯ ಜಾಗ ಬಹಳ ಕಾಲ ಖಾಲಿ ಇತ್ತು.

ಗಾಜು ಒಡೆದವರ ಪರವಾಗಿ ನಾನು ಒಂದು ಮಾತೂ ಆಡುವುದಿಲ್ಲ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ನಮ್ಮ ರಾಜ್ಯದಲ್ಲಿ 2009ರಿಂದಲೇ ಕಾನೂನಿದೆ. ಜಾಮೀನುರಹಿತ ಅಪರಾಧ, 3 ವರ್ಷದವರೆಗೆ ಜೈಲು, ದಂಡ, ಹಾಳಾದ ಆಸ್ತಿಯ ಎರಡರಷ್ಟು ಪರಿಹಾರ ಎಂದು ಆ ಕಾಯ್ದೆಯಲ್ಲಿ ಬರೆದದ್ದನ್ನು ಆಸ್ಪತ್ರೆಯ ಗೇಟಿನಲ್ಲಿ ದೊಡ್ಡ ಫಲಕವಾಗಿ ಹಾಕಿದ್ದಾರೆ. ಹಾಕಬೇಕಾದದ್ದೇ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಮೇಲೆ ನಡೆದ ಘೋರ ಕೃತ್ಯದ ನಂತರ ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾರ್ಯಪಡೆ ರಚಿಸಿತು, ದೇಶದ ಎಲ್ಲ ಆಸ್ಪತ್ರೆಗಳ ಭದ್ರತೆಯ ಮಾತು ಎದ್ದಿತು. ನಮ್ಮಲ್ಲೂ ಕ್ಯಾಮೆರಾಗಳು ಬಂದವು. ರಾತ್ರಿ ಕಾವಲುಗಾರ ಮಾತ್ರ ಬರಲಿಲ್ಲ. ಕ್ಯಾಮೆರಾ ನಡೆದದ್ದನ್ನು ತೋರಿಸುತ್ತದೆ, ನಡೆಯದಂತೆ ತಡೆಯುವುದಕ್ಕೆ ಒಬ್ಬ ಮನುಷ್ಯ ಬೇಕು.

ಅದೇ ಗೇಟಿನಲ್ಲಿ ರೋಗಿಗಳ ಹಕ್ಕುಗಳ ಫಲಕವನ್ನು ನಾನು ಈವರೆಗೆ ಕಂಡಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ಸನ್ನದಿನಲ್ಲಿ ರೋಗಿಯ 17 ಹಕ್ಕುಗಳನ್ನು ಹೇಳಿದೆ. ತನ್ನ ಕಾಯಿಲೆ ಏನು, ಚಿಕಿತ್ಸೆ ಏನು ಎಂದು ತಿಳಿಯುವುದು, ದಾಖಲೆಗಳ ಪ್ರತಿ ಪಡೆಯುವುದು, ಸುರಕ್ಷಿತ ಚಿಕಿತ್ಸೆ, ದೂರಿಗೆ ಪರಿಹಾರ ಎಲ್ಲವೂ ಅದರಲ್ಲಿವೆ. ಖಾಸಗಿ ಆಸ್ಪತ್ರೆಗಳ ವಿಷಯದಲ್ಲಿ ದೂರಿಗೊಂದು ದಾರಿಯಾದರೂ ಇದೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯ ಮೂಲಕ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಕುಂದುಕೊರತೆ ವಿಚಾರಿಸುವ ಅಧಿಕಾರ ಬಂದಿತು. ಸರ್ಕಾರಿ ಆಸ್ಪತ್ರೆಗಳನ್ನೂ ಅದರ ವ್ಯಾಪ್ತಿಗೆ ತನ್ನಿ ಎಂದು ಆಗ ಖಾಸಗಿ ವೈದ್ಯರೇ ಪಟ್ಟು ಹಿಡಿದಿದ್ದರು. ಅವರು ಯಾವ ಕಾರಣಕ್ಕೆ ಹೇಳಿದ್ದರೋ, ಮಾತು ಸರಿಯಾಗಿಯೇ ಇತ್ತು. ಸರ್ಕಾರ ಒಪ್ಪಲಿಲ್ಲ. ಹೀಗಾಗಿ ಹಣ ಕೊಟ್ಟು ಚಿಕಿತ್ಸೆ ಪಡೆಯುವವರಿಗೆ ಸಿಕ್ಕ ಪ್ರಾಧಿಕಾರ, ಸರ್ಕಾರಿ ಆಸ್ಪತ್ರೆಯನ್ನೇ ನಂಬಿದ ಬಡವರಿಗೆ ಸಿಗಲಿಲ್ಲ. ಗಾಜು ಒಡೆಯುವ ಕೈಗಳ ಸಂಖ್ಯೆ ಕಡಿಮೆಯಾಗಬೇಕಾದರೆ ಬಾಯಿಬಿಟ್ಟು ಹೇಳಿಕೊಳ್ಳಲು ಒಂದು ಜಾಗ ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ಜಾಗ ಈಗಾಗಲೇ ಇದೆ. ಅದರ ಅಧ್ಯಕ್ಷರು ತಾವೇ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ ಸರ್ಕಾರಿ ಆಸ್ಪತ್ರೆಗಳ ಆಡಳಿತದಲ್ಲಿ ಜನರನ್ನೂ ಸೇರಿಸಿಕೊಳ್ಳಬೇಕೆಂದು ರೋಗಿ ಕಲ್ಯಾಣ ಸಮಿತಿಗಳನ್ನು ರಚಿಸಲಾಯಿತು. ನಮ್ಮ ರಾಜ್ಯದಲ್ಲಿ ಅದನ್ನು ಆರೋಗ್ಯ ರಕ್ಷಾ ಸಮಿತಿ ಎನ್ನುತ್ತಾರೆ. ಹಾಗೆಯೇ ಹಳ್ಳಿಗಳಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಗಳಿವೆ. ಆಸ್ಪತ್ರೆಯ ಬಳಕೆದಾರರ ಶುಲ್ಕ, ಅಭಿಯಾನದ ಮುಕ್ತ ನಿಧಿ, ದಾನಿಗಳ ಹಣ ಎಲ್ಲವೂ ಈ ಸಮಿತಿಯ ತೀರ್ಮಾನದಂತೆ ಖರ್ಚಾಗಬೇಕು. ಜನರ ದೂರು ಕೇಳುವುದು, ಸೌಲಭ್ಯಗಳ ಗುಣಮಟ್ಟ ನೋಡುವುದು ಕೂಡ ಅದರ ಹೊಣೆ. ಆದರೆ ನಮ್ಮ ತಾಲ್ಲೂಕಿನಲ್ಲಿ ಆ ಸಭೆ ಯಾವಾಗ ಸೇರುತ್ತದೆ ಎಂಬುದು ಗೇಟಿನೆದುರು ಕುಳಿತ ನನಗೂ ತಿಳಿಯುವುದಿಲ್ಲ. ತಮ್ಮ ಕಾರು ಬಂದು ನಿಂತಾಗ, ಚಹಾ, ಬಿಸ್ಕೆಟ್ ಒಳಗೆ ಹೋದಾಗ ಇವತ್ತು ಸಭೆ ಇರಬೇಕು ಎಂದುಕೊಳ್ಳುತ್ತೇವೆ. ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ, 'ಸ್ವಚ್ಛತೆಗೆ ಆದ್ಯತೆ ನೀಡಲು ಶಾಸಕರ ಸೂಚನೆ' ಎಂಬ ತಲೆಬರಹ ಇರುತ್ತದೆ. ಏನು ಚರ್ಚೆಯಾಯಿತು, ಎಷ್ಟು ಹಣ ಯಾವುದಕ್ಕೆ ಹೋಯಿತು, ಹಿಂದಿನ ಸಭೆಯ ತೀರ್ಮಾನ ಏನಾಯಿತು ಎಂಬುದು ಹೊರಗೆ ಬರುವುದಿಲ್ಲ. ನಾಮನಿರ್ದೇಶಿತ ಸದಸ್ಯರಲ್ಲಿ ವಾರ್ಡಿನಲ್ಲಿ ಒಂದು ರಾತ್ರಿ ಮಲಗೆದ್ದವರು ಎಷ್ಟು ಮಂದಿ ಇದ್ದಾರೆ ಎಂದು ತಾವೇ ಯೋಚಿಸಿ.

ಜನರೊಂದಿಗೆ ಬೆರೆಯುವುದರಲ್ಲಿ ತಮಗೆ ಹೆಸರಿದೆ. ಶಿಬಿರಗಳಲ್ಲಿ, ಜಾತ್ರೆಗಳಲ್ಲಿ ತಾವು ಎಲ್ಲರ ಹೆಗಲ ಮೇಲೆ ಕೈಯಿಟ್ಟು ಮಾತನಾಡುತ್ತೀರಿ. ಆದರೆ ಶಿಬಿರದಲ್ಲಿ ನಾವು ಪಡೆಯುವವರು, ತಾವು ಕೊಡುವವರು. ಸಾಲಿನಲ್ಲಿ ನಿಂತವನು ಅಲ್ಲಿ ಪ್ರಶ್ನೆ ಕೇಳಲಾರ. ಇದರ ಪರಿಣಾಮ ಏನೆಂಬುದನ್ನು 2025ರಲ್ಲಿ ನಮ್ಮ ಇಡೀ ಜಿಲ್ಲೆ ಕಂಡಿತು.

ಆ ವರ್ಷದ ಮೇ ಮತ್ತು ಜೂನ್ ತಿಂಗಳುಗಳಲ್ಲಿ, ಸುಮಾರು 40 ದಿನಗಳಲ್ಲಿ, ಹಾಸನ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಹಬ್ಬಿತು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಎದೆಯಲ್ಲಿ ಸ್ವಲ್ಪ ಹಿಡಿದಂತಾದರೂ ಜನ ಇಸಿಜಿಗೆ ಓಡಿದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮುಂಚೆಯೇ ಸಾಲು ನಿಂತಿತು. ನನ್ನ ಅಂಗಡಿಗೆ ಬಂದವರು ಚೀಟಿಯಿಲ್ಲದೆ ಆಸ್ಪಿರಿನ್ ಕೇಳಿದರು, ಮುಂಜಾಗ್ರತೆಗೆ ದಿನಕ್ಕೊಂದು ನುಂಗುತ್ತೇವೆ ಎಂದರು. ಹೊಟ್ಟೆಹುಣ್ಣು ಇರುವವರೂ ಕೇಳಿದರು. ಕೊಡುವುದಿಲ್ಲ ಎಂದದ್ದಕ್ಕೆ ಜಗಳವಾಡಿ ಹೋದವರಿದ್ದಾರೆ. ಕೋವಿಡ್ ಲಸಿಕೆಯಿಂದ ಹೀಗಾಗುತ್ತಿದೆ ಎಂಬ ವಾಟ್ಸ್ಆ್ಯಪ್ ಸಂದೇಶ ಮನೆಮನೆ ಸುತ್ತಿತು. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ತಜ್ಞರ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ಉಳಿದವು ಬೇರೆ ಕಾರಣದವು, ಸಂಖ್ಯೆ ಅಸಹಜವಾಗಿ ಏರಿಲ್ಲ, ಮಧುಮೇಹ, ರಕ್ತದೊತ್ತಡ, ಧೂಮಪಾನ, ಮದ್ಯಪಾನದಂತಹ ಗೊತ್ತಿರುವ ಕಾರಣಗಳೇ ಹೆಚ್ಚಿನವರಲ್ಲಿ ಇದ್ದವು ಎಂಬುದು ಅದರ ಸಾರ.

ಆ ವರದಿಯನ್ನು ನಮ್ಮ ಊರುಗಳಿಗೆ ತಂದು ಬಿಡಿಸಿ ಹೇಳಿದವರು ಯಾರು? ತಾವು ಇಸಿಜಿ ಶಿಬಿರ ಮಾಡಿಸಿದಿರಿ, ಜನ ಸಾಲಿನಲ್ಲಿ ನಿಂತರು, ಕೈಯಲ್ಲಿ ಇಸಿಜಿ ಕಾಗದ ಹಿಡಿದು ಮನೆಗೆ ಹೋದರು. ಅದರಲ್ಲಿ ಏನಿದೆ ಎಂದು ಕೇಳಲು ಬಹಳ ಮಂದಿ ನನ್ನ ಅಂಗಡಿಗೆ ಬಂದರು. ಇಸಿಜಿ ಓದುವುದು ನನ್ನ ಕೆಲಸವಲ್ಲ, ಡಾಕ್ಟರರ ಬಳಿ ಹೋಗಿ ಎಂದು ಕಳುಹಿಸಿದೆ. ಹೃದಯಾಘಾತವಾದವರಿಗೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಎದೆನೋವು ಬಂದವರ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರಿಗೆ ಕಳುಹಿಸಿ, ಅವರು ಹೇಳಿದ ಕೂಡಲೇ ಇಲ್ಲಿಯೇ ಚುಚ್ಚುಮದ್ದು ಕೊಡುವುದು ಅದರ ಕ್ರಮ. ಮಳೆಗೆ ಗುಡ್ಡ ಕುಸಿದು ಶಿರಾಡಿ ಘಾಟಿ ಮುಚ್ಚಿದಾಗ ಮಂಗಳೂರು ನಮಗೆ ಇಲ್ಲವೇ ಇಲ್ಲ. ಅಂತಹ ಊರಿಗೆ ಈ ಯೋಜನೆ ಎಷ್ಟು ಮುಖ್ಯ! ಆದರೆ ನಮ್ಮ ಆಸ್ಪತ್ರೆಯಲ್ಲಿ ನಡುರಾತ್ರಿ ಎದೆನೋವು ಎಂದು ಬಂದರೆ ಇಸಿಜಿ ತೆಗೆಯುವವರು ಇರುತ್ತಾರೆಯೇ, ಚುಚ್ಚುಮದ್ದು ಇದೆಯೇ ಎಂದು ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ ಸಿಗುತ್ತದೆ. ಗೊತ್ತಿಲ್ಲದವರು ಮೊದಲ ಅಮೂಲ್ಯ ಗಂಟೆಯನ್ನು ಬಾಡಿಗೆ ಕಾರು ಹುಡುಕುವುದರಲ್ಲಿಯೇ ಕಳೆಯುತ್ತಾರೆ.

ಲೈನ್ ಮನೆಗಳ ವಿಷಯಕ್ಕೆ ಬರುತ್ತೇನೆ. ಈಗ ನಮ್ಮ ತೋಟಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕುಟುಂಬಗಳು ಬಹಳ. ಅವರ ಹೆಣ್ಣುಮಕ್ಕಳು ಹೆರಿಗೆಗೆ ಬಂದಾಗ ಕನ್ನಡದಲ್ಲಿ ಅಚ್ಚಾದ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ಯಾವ ಶಸ್ತ್ರಚಿಕಿತ್ಸೆ, ಏಕೆ, ಅಪಾಯವೇನು ಎಂಬುದು ಅವರಿಗೂ ತಿಳಿದಿರುವುದಿಲ್ಲ, ಅವರಿಗೆ ಯಾವ ಔಷಧ ಒಗ್ಗುವುದಿಲ್ಲ ಎಂಬುದು ನರ್ಸ್‌ಗೂ ತಿಳಿಯುವುದಿಲ್ಲ. ತೋಟದ ಮೇಸ್ತ್ರಿಯನ್ನು ಕರೆಸಿ ಕೇಳುವುದುಂಟು. ಹೆಣ್ಣುಮಕ್ಕಳು ತಮ್ಮ ದೇಹದ ಕಷ್ಟವನ್ನು ಮೇಸ್ತ್ರಿಯ ಬಾಯಿಂದ ಹೇಳಿಸಬೇಕೆಂಬುದು ನ್ಯಾಯವೇ? ಇನ್ನು ಹಾವಿನ ಮಾತು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಒಳ್ಳೆಯ ನಿರ್ಧಾರ. ಆದರೆ ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಕಾಫಿ ಗಿಡದ ಬುಡದಲ್ಲಿ, ಏಲಕ್ಕಿ ತೋಟದಲ್ಲಿ ಕೈಗೆ ಕಚ್ಚುವ ಮಲೆನಾಡಿನ ಗುಳಿಮಂಡಲಗಳಿಗೆ ಅದು ಕೆಲಸ ಮಾಡುವುದಿಲ್ಲ. ಸುಮ್ಮನೆ ಕೊಟ್ಟರೆ ಅಲರ್ಜಿಯ ಅಪಾಯ ಬೇರೆ. ಕಚ್ಚಿದ ಹಾವಿನ ಗುರುತು ಹೇಳಬಲ್ಲವರು ಕಾರ್ಮಿಕರು. ಅವರ ಮಾತು ವೈದ್ಯರಿಗೆ ಅರ್ಥವಾಗದಿದ್ದರೆ ಅದೂ ರೋಗಿಯ ಸುರಕ್ಷತೆಯ ಪ್ರಶ್ನೆಯೇ ಆಗುತ್ತದೆ.

ಬಳ್ಳಾರಿಯ ಬಾಣಂತಿಯರನ್ನು ತಾವು ಮರೆತಿರಲಾರಿರಿ. 2024ರ ನವೆಂಬರ್‌ನಲ್ಲಿ ಸಿಸೇರಿಯನ್ ಆದವರು ಒಬ್ಬರ ಹಿಂದೊಬ್ಬರು ಸತ್ತರು, ರಿಂಗರ್ಸ್ ಲ್ಯಾಕ್ಟೇಟ್ ಎಂಬ ಲವಣ ದ್ರಾವಣದ ಡ್ರಿಪ್ಪಿನ ಮೇಲೆ ಸಂಶಯ ಬಂದಿತು, ಸದನದಲ್ಲಿ ಕೋಲಾಹಲವಾಯಿತು, ಔಷಧ ನಿಯಂತ್ರಕರ ಅಮಾನತಾಯಿತು. ಅದನ್ನು ತಯಾರಿಸಿದ ಕಂಪನಿಯ ದ್ರಾವಣದ ಗುಣಮಟ್ಟದ ಬಗ್ಗೆ ರಾಜ್ಯದಲ್ಲಿ ಮೊದಲೇ ಪ್ರಶ್ನೆಗಳು ಎದ್ದಿದ್ದವು. ಡ್ರಿಪ್ ಹಾಕಿದ ಮೇಲೆ ಚಳಿ ಬಂದು ನಡುಗಿದವರು, ಮೂತ್ರ ಕಟ್ಟಿದವರು ಎಂಬ ಸಣ್ಣ ಸಣ್ಣ ಸುಳಿವುಗಳು ವಾರ್ಡಿನಲ್ಲಿಯೇ ದಾಖಲಾಗಿ, ಒಂದೆಡೆ ಸೇರಿ, ಯಾರಾದರೂ ಓದುವಂತಿದ್ದರೆ ಸಾವಿನವರೆಗೆ ಕಾಯಬೇಕಾಗುವುದಿಲ್ಲ. ಔಷಧದ ಅಡ್ಡಪರಿಣಾಮ ವರದಿ ಮಾಡಲು ದೇಶದಲ್ಲಿ 2010ರಿಂದ ಒಂದು ಕಾರ್ಯಕ್ರಮವೇ ಇದೆ. ರೋಗಿಯೂ, ನನ್ನಂತಹ ಫಾರ್ಮಸಿಸ್ಟ್ ಕೂಡ ಅದಕ್ಕೆ ಬರೆಯಬಹುದು. ನಮ್ಮ ತಾಲ್ಲೂಕಿನಲ್ಲಿ ಅದರ ನಮೂನೆ ಕೇಳಿದರೆ ಹುಡುಕಿ ತೆಗೆಯಬೇಕಾಗುತ್ತದೆ.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದು ಇಷ್ಟು. ಆರೋಗ್ಯ ರಕ್ಷಾ ಸಮಿತಿಯ ಸಭೆಗೆ ಒಂದು ದಿನ ಗೊತ್ತುಮಾಡಿ, ಮೂರು ತಿಂಗಳಿಗೊಮ್ಮೆಯಾದರೂ ಸರಿ. ಅದರ ಸೂಚನೆಯನ್ನು ಆಸ್ಪತ್ರೆಯ ಗೇಟಿನಲ್ಲಿ, ಗ್ರಾಮ ಪಂಚಾಯಿತಿಗಳಲ್ಲಿ, ಅಂಗನವಾಡಿಗಳಲ್ಲಿ ಮೊದಲೇ ಅಂಟಿಸಿ. ಸಭೆಯ ಮೊದಲ ಒಂದು ಗಂಟೆಯನ್ನು ಸಾರ್ವಜನಿಕರ ಮಾತಿಗೆ ಬಿಡಿ, ನಡಾವಳಿ ಮತ್ತು ಖರ್ಚಿನ ಲೆಕ್ಕವನ್ನು ಅದೇ ಗೇಟಿನಲ್ಲಿ ಪ್ರಕಟಿಸಿ. ಗ್ರಾಮ ಪಂಚಾಯಿತಿಯ ಲೆಕ್ಕವನ್ನು ಜಮಾಬಂದಿಯಲ್ಲಿ ಜನರ ಮುಂದಿಡುವ ಪದ್ಧತಿ ನಮ್ಮಲ್ಲಿ ಇರುವಾಗ ಆಸ್ಪತ್ರೆಯ ಲೆಕ್ಕಕ್ಕೆ ಏಕೆ ಸಂಕೋಚ? ಸಮಿತಿಯಲ್ಲಿ ಒಬ್ಬ ಆಶಾ ಕಾರ್ಯಕರ್ತೆ, ಒಬ್ಬ ಸ್ಟಾಫ್ ನರ್ಸ್, ಲೈನ್ ಮನೆಗಳಿಂದ ಒಬ್ಬ ಹೆಣ್ಣುಮಗಳು ಇರಲಿ. ಸದಸ್ಯತ್ವ ಕೊಡಲು ನಿಯಮ ಅಡ್ಡ ಬಂದರೆ ವಿಶೇಷ ಆಹ್ವಾನಿತರಾಗಿಯಾದರೂ ಕರೆಯಿರಿ.

ಎಲ್ಲಕ್ಕಿಂತ ಮುಖ್ಯವಾಗಿ, ಆಸ್ಪತ್ರೆಯಲ್ಲಿ ಆದ ಮತ್ತು ಆಗಿಬಿಡುತ್ತಿದ್ದ ಅವಘಡಗಳನ್ನು ಹೆಸರು ಹೇಳದೆ ಬರೆಯುವ ಒಂದು ಪುಸ್ತಕ ಇಡಿಸಿ. ಬರೆದ ಕಾರಣಕ್ಕೆ ಯಾರ ಮೇಲೂ ಕ್ರಮವಿಲ್ಲ ಎಂಬ ಮಾತನ್ನು ಅಧ್ಯಕ್ಷರಾದ ತಮ್ಮ ಬಾಯಿಂದಲೇ ಸಿಬ್ಬಂದಿಯ ಮುಂದೆ ಹೇಳಿ. ವೈದ್ಯಾಧಿಕಾರಿಗಳು ಅದನ್ನು ಪ್ರತಿ ಸಭೆಯಲ್ಲಿ ಓದಿ, ಏನು ಸರಿಪಡಿಸಿದೆವು ಎಂದು ತಿಳಿಸಲಿ. ಬೇಕೆಂದೇ ಮಾಡಿದ ತಪ್ಪಿಗೆ, ಲಂಚಕ್ಕೆ, ಕರ್ತವ್ಯಕ್ಕೆ ಗೈರಾದವರಿಗೆ ಇದು ರಕ್ಷಣೆಯಾಗಬಾರದು, ಅದಕ್ಕೆ ಬೇರೆ ನಿಯಮಗಳಿವೆ. ಮೇಲೆ ಹೇಳಿದ ಮಾತ್ರೆಯ ಪ್ರಕರಣದ ನರ್ಸ್ ಯಾರೆಂದು ದಯವಿಟ್ಟು ವಿಚಾರಿಸಬೇಡಿ. ದಾಖಲಾದ ಪ್ರತಿ ರೋಗಿಯ ಕೈಗೆ ಹೆಸರಿನ ಪಟ್ಟಿ ಕಟ್ಟಿಸಿ, ಮಾತ್ರೆ ಕೊಡುವ ಮುಂಚೆ ಹೆಸರಿನ ಜೊತೆ ಊರನ್ನೂ ಕೇಳುವ ರೂಢಿ ಮಾಡಿಸಿ. ಆ ಪಟ್ಟಿಯ ಬೆಲೆ ತೀರ ಕಡಿಮೆ, ಸಮಿತಿಯ ಹಣದಲ್ಲಿಯೇ ಆಗುತ್ತದೆ.

ರಾತ್ರಿ ಪಾಳಿಗೆ ಕಾವಲುಗಾರ ಬೇಕು. ಅವನ ಜೊತೆಗೆ, ತುರ್ತು ಚಿಕಿತ್ಸಾ ಕೊಠಡಿಯ ಹೊರಗೆ ನಿಂತವರಿಗೆ ಒಳಗೆ ಏನಾಗುತ್ತಿದೆ ಎಂದು ಸಮಾಧಾನದಿಂದ ಹೇಳುವ ಒಬ್ಬರು ಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ. ಡಾಕ್ಟರು ಹೆರಿಗೆ ಕೊಠಡಿಯಲ್ಲಿದ್ದಾರೆ, ಇನ್ನು ಹತ್ತು ನಿಮಿಷ ಎಂಬ ಒಂದು ಮಾತು ಅಂದು ಆ ಗಾಜನ್ನು ಉಳಿಸುತ್ತಿತ್ತು, ಆ ನರ್ಸನ್ನು ನಮಗೆ ಉಳಿಸುತ್ತಿತ್ತು.

ಇವಿಷ್ಟೂ ತಾಲ್ಲೂಕಿನ ಮಟ್ಟದಲ್ಲಿ ಆಗುವಂಥವು. ಸದನದಲ್ಲಿ ತಾವು ಮಾತ್ರ ಮಾಡಬಹುದಾದ ಕೆಲಸವೂ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳಿಗಾಗುವ ಹಾನಿಯನ್ನು ದಾಖಲಿಸುವ, ದೂರು ವಿಚಾರಿಸುವ ಸ್ವತಂತ್ರ ವ್ಯವಸ್ಥೆ ಜಿಲ್ಲೆಗೊಂದು ಬೇಕು ಎಂದು ಬೆಳಗಾವಿಯ ಅಧಿವೇಶನದಲ್ಲಿ ಪ್ರಶ್ನೆ ಎತ್ತಿ. ಸರ್ಕಾರ ಮುಂದಾಗದಿದ್ದರೆ ಖಾಸಗಿ ಸದಸ್ಯರ ಮಸೂದೆ ಮಂಡಿಸುವ ಹಕ್ಕು ತಮಗಿದೆ. ಮಸೂದೆ ಅಂಗೀಕಾರವಾಗದೆ ಹೋಗಬಹುದು, ಆದರೆ ಚರ್ಚೆ ಕಡತಕ್ಕೆ ಸೇರುತ್ತದೆ, ಇಲಾಖೆ ಉತ್ತರ ಕೊಡಬೇಕಾಗುತ್ತದೆ. ಇಲಾಖೆಗಳ ಪ್ರಗತಿ ಪರಿಶೀಲಿಸುವ ತಾಲ್ಲೂಕಿನ ಕೆಡಿಪಿ ಸಭೆಯಲ್ಲಿ ಆರೋಗ್ಯಾಧಿಕಾರಿಗಳು ಎಷ್ಟು ಹೆರಿಗೆ, ಎಷ್ಟು ಲಸಿಕೆ ಎಂದು ಓದಿ ಕುಳಿತುಬಿಡುತ್ತಾರೆ. ಹಾಸನಕ್ಕೆ ಕಳುಹಿಸಿದವರಲ್ಲಿ ಎಷ್ಟು ಮಂದಿ ಉಳಿದರು, ಎದೆನೋವಿನಿಂದ ಬಂದವರಿಗೆ ಎಷ್ಟು ಹೊತ್ತಿನಲ್ಲಿ ಇಸಿಜಿ ಆಯಿತು ಎಂದು ತಾವೊಮ್ಮೆ ಕೇಳಿ ನೋಡಿ.

ಈ ಪತ್ರದ ಪ್ರತಿಯನ್ನು ತಮ್ಮ ಕಚೇರಿಗೆ, ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗಳಿಗೆ, ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಕೊಟ್ಟಿದ್ದೇನೆ. ಇದನ್ನು ಓದಿದ ಕೆಲವು ಆಶಾ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘದ ಗೆಳತಿಯರು ಸಭೆ ಕರೆದರೆ ನಾವೂ ಬರುತ್ತೇವೆ ಎಂದಿದ್ದಾರೆ. ಕೊಯ್ಲು ಶುರುವಾದರೆ ತೋಟದವರಿಗೆ ಬಿಡುವಿರುವುದಿಲ್ಲ. ಆದ್ದರಿಂದ ಡಿಸೆಂಬರ್ ಬರುವುದರೊಳಗೆ, ಲೈನ್ ಮನೆಯವರಿಗೆ ರಜೆ ಇರುವ ವಾರದ ದಿನವನ್ನು ನೋಡಿ, ಮುಂದಿನ ಸಭೆಯ ದಿನಾಂಕವನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ಕ್ಷೇತ್ರದ ಮತದಾರಳು,
ತಾಲ್ಲೂಕು ಆಸ್ಪತ್ರೆ ಎದುರಿನ ಔಷಧ ಅಂಗಡಿಯ ಫಾರ್ಮಸಿಸ್ಟ್